ನಾಲಿಗೆಗೆ ತಣ್ಣಗಾದ ಸಿಹಿ

"ಗಟ್ಟಿಯಾಗಿ ಹಿಡ್ಕೊಳ್ಳಿ, ಬಿಡಬೇಡಿ," ಎಂದರು ನಾಯಿ ಡಾಕ್ಟರಮ್ಮ.

ಪತ್ತೇದಾರಿ ಜಿಗಣೆ ಎರಡೂ ಕೈಗಳಿಂದ ಹಿಡಿದಳು. ಸ್ಟೀಲ್ ಮೇಜಿನ ಮೇಲೆ ದರ್ಜಿಯ ನಾಯಿ ಗುಂಡ ನಾಲ್ಕೂ ಕಾಲು ಸೆಟೆದುಕೊಂಡು ಅದುರುತ್ತಿತ್ತು. ಕುಳ್ಳ ಕಾಲು, ಪೀಪಾಯಿ ಹೊಟ್ಟೆ, ಬೀದಿಯ ಮಕ್ಕಳೆಲ್ಲ ಸೇರಿ ಕಿವಿ ಜಗ್ಗಿದರೂ ಗುರ್ ಎನ್ನದ ಸಾಧು ಪ್ರಾಣಿ. ಈಗ ಅದರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಬಾಯಿಂದ ನೊರೆ ಇಳಿಯುತ್ತಿತ್ತು.

ಬಾಗಿಲಿಗೆ ಒರಗಿ ದರ್ಜಿ ನಿಂತಿದ್ದ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. "ಎರಡೇ ಎರಡು ಬಿಸ್ಕತ್ತು ಕೊಟ್ಟೆ ತಾಯಿ. ಪ್ಯಾಕೆಟ್ ಒಡೆದು ಮೂರು ದಿನ ಆಯ್ತು, ದಿನಾ ಅದನ್ನೇ ತಿಂತಿದ್ದ. ಏನೂ ಆಗಿರಲಿಲ್ಲ."

ಇದೇ ಬಿಸ್ಕತ್ತು ತಿಂದು ಊರಿನಲ್ಲಿ ಈಗಾಗಲೇ ಮೂರು ನಾಯಿ ಸತ್ತಿದ್ದವು. ಬಿಸ್ಕತ್ತಿಗೆ ವಿಷ ಬೆರೆಸಿದ ಆರೋಪದ ಮೇಲೆ ಬಿಸ್ಕತ್ತು ಕಾರ್ಖಾನೆಯ ಮೇಸ್ತ್ರಿ, ಅಂದರೆ ಜಿಗಣೆಯ ಸ್ವಂತ ಭಾವ, ನಿನ್ನೆಯಿಂದ ಲಾಕಪ್ಪಿನಲ್ಲಿದ್ದ. ಗುಂಡನೂ ಹೋದರೆ ಭಾವನ ಕುತ್ತಿಗೆಗೆ ಇನ್ನೊಂದು ಸುತ್ತು ಹಗ್ಗ ಬಿದ್ದಂತೆಯೇ.

ಡಾಕ್ಟರಮ್ಮ ನಾಯಿಯ ಕಿವಿಯ ಅಂಚಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಅಂಗೈಯಗಲದ ಯಂತ್ರಕ್ಕೆ ತಾಗಿಸಿದರು. ಅದರಲ್ಲಿ ಅಂಕಿ ಬರಲಿಲ್ಲ. ಅಳತೆಗೂ ಸಿಗದಷ್ಟು ಕಡಿಮೆ ಎಂಬ ಸೂಚನೆ ಮಾತ್ರ ಬಂತು.

"ಸಕ್ಕರೆ ಇಲ್ಲ. ಮೈಯಲ್ಲಿ ಸಕ್ಕರೇನೇ ಇಲ್ಲ," ಎನ್ನುತ್ತಲೇ ಅವರು ಗ್ಲೂಕೋಸಿನ ಸೀಸೆ ಒಡೆದು ಸಿರಿಂಜಿಗೆ ಎಳೆದುಕೊಂಡರು. ಮುಂಗಾಲಿನ ನರಕ್ಕೆ ಮೆಲ್ಲನೆ ಏರಿಸಿದರು.

ಸೆಟೆದ ಕಾಲು ಮೊದಲು ಸಡಿಲವಾಯಿತು. ಆಮೇಲೆ ಕಣ್ಣು ಕೆಳಗಿಳಿಯಿತು. ಕೊನೆಗೆ ಗುಂಡ ನಾಲಿಗೆ ಹೊರಚಾಚಿ ಜಿಗಣೆಯ ಹೆಬ್ಬೆರಳನ್ನು ನೆಕ್ಕಿತು. ದರ್ಜಿ ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡ.

"ಡಾಕ್ಟರ್, ನನಗೊಂದು ಅರ್ಥವಾಗ್ತಿಲ್ಲ," ಎಂದಳು ಜಿಗಣೆ. "ಸಿಹಿ ಬಿಸ್ಕತ್ತು ತಿಂದ ನಾಯಿಗೆ ಸಕ್ಕರೆ ಏರಬೇಕಲ್ವಾ? ಇಳಿದದ್ದು ಯಾಕೆ?"

"ನನ್ನ ತಲೆ ತಿಂತಿರೋದೂ ಅದೇ. ಹಿಂದಿನ ಮೂರೂ ನನ್ನ ಹತ್ತಿರ ಬಂದಾಗ ಉಸಿರೇ ಇರಲಿಲ್ಲ, ರಕ್ತ ನೋಡೋದೆಲ್ಲಿಂದ ಬಂತು? ಪ್ರಯೋಗಾಲಯದವರು ಅದೇ ಪ್ಯಾಕೆಟ್ಟುಗಳನ್ನ ಜಾಲಾಡಿದಾರೆ. ಇಲಿ ಪಾಷಾಣ ಇಲ್ಲ, ಕೀಟನಾಶಕ ಇಲ್ಲ, ಬೂಷ್ಟಿನ ವಿಷಾನೂ ಇಲ್ಲ. ಶುದ್ಧ ಬಿಸ್ಕತ್ತು ಅಂತ ಬರೆದು ಕಳಿಸಿದಾರೆ."

ದರ್ಜಿ ಜೇಬಿನಿಂದ ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟ. ಗುಂಡ ಕಚ್ಚಿ ಬಿಟ್ಟ ಅರ್ಧ ಚೂರು ಅದರೊಳಗೇ ಇತ್ತು. ಮೂಳೆಯ ಆಕಾರದ ಬಿಸ್ಕತ್ತು, ಮೇಲೆ ಬಿಳಿ ಸಕ್ಕರೆ ಉದುರಿಸಿದ್ದು. ನಾಯಿಗೆ ಸಕ್ಕರೆ ಯಾಕೆ ಎಂದು ಕೇಳುವ ಹಾಗಿಲ್ಲ. ಅಂಗಡಿಯಲ್ಲಿ ಕೈಚಾಚಿ ಕೊಳ್ಳುವುದು ನಾಯಿಯಲ್ಲವಲ್ಲ. ಪ್ಯಾಕೆಟ್ಟಿನ ಮೇಲೆ ಭಾವನ ಫೋಟೋ. ದಪ್ಪ ಮೀಸೆ, ಹಲ್ಲಿನ ನಡುವೆ ಅದೇ ಬಿಸ್ಕತ್ತು, ಕೆಳಗೆ ಕೆಂಪಕ್ಷರ: 'ನಾವು ತಿನ್ನದ್ದನ್ನು ನಿಮ್ಮ ನಾಯಿಗೆ ಕೊಡುವುದಿಲ್ಲ.'

ಜಿಗಣೆ ಆ ಅರ್ಧ ಚೂರನ್ನು ಎತ್ತಿಕೊಂಡು, ನಾಯಿ ಮುಟ್ಟದ ತುದಿಯನ್ನು ನೋಡಿ ನಾಲಿಗೆಗೆ ತಾಗಿಸಿದಳು.

"ನಿಮಗೇನು ತಲೆ ಕೆಟ್ಟಿದೆಯಾ?" ಡಾಕ್ಟರಮ್ಮ ಕೈ ಹಿಡಿದರು.

"ನಮ್ಮ ಭಾವ ದಿನಾ ತಿಂತಾರೆ. ಗುಂಡುಕಲ್ಲಿನ ಹಾಗಿದಾರೆ."

ಸಿಹಿ. ಒಳ್ಳೆಯ ಸಿಹಿಯೇ. ಆದರೆ ಸಿಹಿಯ ಬೆನ್ನಿಗೇ ನಾಲಿಗೆಯ ಮೇಲೆ ತಣ್ಣಗೆ ಏನೋ ಹರಡಿತು, ಬಾವಿಯ ನೀರು ಮುಕ್ಕಳಿಸಿದ ಹಾಗೆ. ಪ್ಯಾಕೆಟ್ಟಿನಿಂದ ಬೇರೆ ಬಿಸ್ಕತ್ತು ತೆಗೆದು ನೆಕ್ಕಿದಳು. ಬರೀ ಸಕ್ಕರೆ. ಮತ್ತೊಂದು, ಅದೂ ಸಕ್ಕರೆ. ಮತ್ತೆ ಆ ಅರ್ಧ ಚೂರು, ತಣ್ಣಗೆ.

"ಇದೊಂದೇ ತಣ್ಣಗಿದೆ ಡಾಕ್ಟರ್. ಪುದೀನ ಹಾಕಿದ ಹಾಗೆ, ಆದ್ರೆ ಪುದೀನ ಅಲ್ಲ."

ಡಾಕ್ಟರಮ್ಮ ಸಿರಿಂಜನ್ನು ತಟ್ಟೆಗೆ ಹಾಕಿದರು. ಆಮೇಲೆ ದರ್ಜಿಯನ್ನು ಹೊರಗೆ ಕೂರಲು ಹೇಳಿ, ಬಾಗಿಲು ಎಳೆದುಕೊಂಡರು.

"ಝೈಲಿಟಾಲ್," ಎಂದರು. "ಸಕ್ಕರೆ ಕಾಯಿಲೆಯವರು ತಿನ್ನೋ ಸಿಹಿ ಪುಡಿ. ಮನುಷ್ಯರಿಗೆ ಏನೂ ಮಾಡಲ್ಲ. ನಾಯಿಯ ಮೈ ಮಾತ್ರ ಅದನ್ನ ನಿಜವಾದ ಸಕ್ಕರೆ ಅಂತ ತಿಳ್ಕೊಂಡು ಇನ್ಸುಲಿನ್ ಸುರಿದುಬಿಡುತ್ತೆ. ರಕ್ತದಲ್ಲಿರೋ ಸಕ್ಕರೆ ಪೂರ್ತಿ ಬರಿದಾಗುತ್ತೆ. ಅದರಿಂದ ಪಾರಾದ್ರೂ ಲಿವರ್ ಕೈಕೊಡಬಹುದು. ಗುಂಡ ಗೆದ್ದ ಅಂತ ಈಗಲೇ ಹೇಳೋಕಾಗಲ್ಲ."

ಜಿಗಣೆಗೆ ಪೂರ್ತಿ ಕೇಳಿಸಲೇ ಇಲ್ಲ. ಆ ತಣ್ಣಗಿನ ಸಿಹಿಯನ್ನು ಅವಳು ಮೊದಲೇ ಒಮ್ಮೆ ತಿಂದಿದ್ದಳು. ಹೋದ ಭಾನುವಾರ, ಅಕ್ಕನ ಅಡುಗೆಮನೆಯಲ್ಲಿ. ಸಕ್ಕರೆ ಎಂದುಕೊಂಡು ಡಬ್ಬಿಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಾಗ ಅಕ್ಕ ಕೈಮೇಲೆ ಪಟ್ಟನೆ ಹೊಡೆದಿದ್ದಳು. ಅದನ್ನು ಮುಟ್ಟಬೇಡ, ನಿನ್ನ ಭಾವನದು ಎಂದಿದ್ದಳು.

"ಡಾಕ್ಟರ್, ಈ ಬಿಸ್ಕತ್ತು ಯಾರೂ ಕೊಡಬೇಡಿ ಅಂತ ಈಗಲೇ ಊರಿಗೆಲ್ಲ ಹೇಳಿಬಿಡಿ. ಯಾಕೆ ಅಂತ ಮಾತ್ರ ಹೇಳಬೇಡಿ. ಆ ಹೆಸರು ಯಾರ ಕಿವಿಗೂ ಬೀಳೋದು ಬೇಡ. ನನಗೊಂದು ಗಂಟೆ ಕೊಡಿ."

"ಕೊಟ್ಟೆ. ಯಾರು ಅಂತ ಗೊತ್ತಾಯ್ತಾ?"

"ಗೊತ್ತಾಗದೇ ಇದ್ರೆ ಸಾಕಿತ್ತು," ಎಂದು ಜಿಗಣೆ ಚಪ್ಪಲಿ ಮೆಟ್ಟಿದಳು.

*

ಜಿಗಣೆ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಪೊಲೀಸ್ ಇಲಾಖೆಯಲ್ಲಿದ್ದಾಗ ಮೇಲಿನವರು ಇಟ್ಟದ್ದು, ಹಿಡಿದರೆ ರಕ್ತ ಬರುವ ತನಕ ಬಿಡಳು ಎಂದು. ಕೆಲಸ ಬಿಟ್ಟು ಸ್ವಂತಕ್ಕೆ ಪತ್ತೇದಾರಿಗೆ ಇಳಿದರೂ ಹೆಸರು ಬೆನ್ನಿಗಂಟಿ ಬಂತು. ಜಗತ್ತಿನಲ್ಲಿ ಅವಳನ್ನು ಪುಟ್ಟಿ ಎನ್ನುವುದು ಅಕ್ಕ ಒಬ್ಬಳೇ. ಅಮ್ಮ ತೀರಿಕೊಂಡಾಗ ಇವಳಿಗೆ ನೆಟ್ಟಗೆ ಮಾತು ಬರುತ್ತಿರಲಿಲ್ಲ; ತುತ್ತು ಕೊಟ್ಟದ್ದು, ತಲೆ ಬಾಚಿದ್ದು, ಶಾಲೆಗೆ ಎಳೆದುಕೊಂಡು ಹೋದದ್ದು ಎಲ್ಲ ಅಕ್ಕನೇ. ಆ ಅಕ್ಕ ನಿನ್ನೆ ಇವಳ ಎರಡೂ ಕೈ ಹಿಡಿದು ಕೇಳಿದ್ದು ಒಂದೇ: ನಿನ್ನ ಭಾವನನ್ನು ಮನೆಗೆ ಕರೆದುಕೊಂಡು ಬಾ.

ಕರೆದುಕೊಂಡು ಬರುತ್ತೇನೆಂದು ಜಿಗಣೆ ಮಾತು ಕೊಟ್ಟಿದ್ದಳು.

ಅಕ್ಕನ ಮನೆ ಕಾರ್ಖಾನೆಯ ಹಿಂಬೀದಿಯಲ್ಲಿ, ಮೂರನೆಯ ಮಹಡಿ. ಬಾಗಿಲು ತೆರೆದೇ ಇತ್ತು. ಅಕ್ಕ ಒಲೆಯ ಮೇಲೆ ಹಾಲಿಟ್ಟು, ಕಟ್ಟೆಯ ಮೇಲೆ ಟಿಫಿನ್ ಕ್ಯಾರಿಯರ್ ಹರಡಿಕೊಂಡು ಊಟ ತುಂಬುತ್ತಿದ್ದಳು. ಲಾಕಪ್ಪಿಗೆ ಒಯ್ಯುವುದಕ್ಕೆ.

"ಬಾ ಪುಟ್ಟಿ. ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ?"

"ದರ್ಜಿಯ ಗುಂಡನೂ ಬಿಸ್ಕತ್ತು ತಿಂದು ಬಿದ್ದಿದ್ದ. ಬದುಕಿದಾನೆ. ಸದ್ಯಕ್ಕೆ."

"ಪಾಪದ ಮುಂಡೇದು, ಬದುಕಿತಲ್ಲ," ಅಕ್ಕ ನಿಟ್ಟುಸಿರು ಬಿಟ್ಟಳು. "ನಿನ್ನ ಭಾವ ಒಳಗಿರೋವಾಗ ಇದಾಗಿದೆ ಅಂದ್ಮೇಲೆ ಅವರದ್ದೇನೂ ತಪ್ಪಿಲ್ಲ ಅಂತ ಆಯ್ತಲ್ವಾ? ಬಿಟ್ಟುಬಿಡ್ತಾರಾ?"

"ಅದು ಹಳೇ ಪ್ಯಾಕೆಟ್ ಅಕ್ಕ."

ಜಿಗಣೆ ಕಪಾಟಿನತ್ತ ಹೋದಳು. ಸಕ್ಕರೆಯ ಡಬ್ಬಿಯ ಪಕ್ಕದಲ್ಲೇ ಆ ಎರಡನೆಯ ಡಬ್ಬಿ ಇತ್ತು. ಮುಚ್ಚಳ ತೆಗೆದು ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡಳು. ತಪ್ಪಾಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದಳು. ತಪ್ಪಾಗಿರಲಿಲ್ಲ.

"ಇದನ್ನ ಯಾತಕ್ಕೆ ಬಳಸ್ತೀಯಾ?"

"ಹೇಳಿದ್ನಲ್ಲ. ಅವರ ಸಕ್ಕರೆ. ಕಾಫಿಗೆ ಹಾಕ್ತೀನಿ."

"ಕಾಫಿಗೆ ಮಾತ್ರಾನಾ?"

ಅಕ್ಕನ ಕೈಯಲ್ಲಿದ್ದ ಸೌಟು ನಿಂತಿತು. "ಪೊಲೀಸಾಗಿ ಕೇಳ್ತಿದೀಯಾ, ತಂಗಿಯಾಗಿ ಕೇಳ್ತಿದೀಯಾ?"

"ಇಬ್ಬರೂ ಬಂದಿದೀವಿ. ಇಬ್ಬರಿಗೂ ಉತ್ತರ ಬೇಕು."

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಬಿಸ್ಕತ್ತಿನ ಒಂದೊಂದು ಭಟ್ಟಿ ಬೆಂದು ಇಳಿದಾಗಲೂ ಕೆಲಸದವರೆಲ್ಲ ಕೈ ನಿಲ್ಲಿಸುತ್ತಿದ್ದರು. ಸಕ್ಕರೆ ಉದುರಿಸುವ ವಿಭಾಗದಿಂದ ಒಂದು ತಟ್ಟೆ ಬರುತ್ತಿತ್ತು. ಮೇಸ್ತ್ರಿ ಅದರಿಂದ ಒಂದು ಬಿಸ್ಕತ್ತು ತೆಗೆದು, ಎಲ್ಲರೆದುರು ಕಟುಮ್ಮನೆ ಕಚ್ಚಿ, ಅಗಿದು, ನುಂಗಿ, ತಲೆಯಾಡಿಸಿದ ಮೇಲೆಯೇ ಪ್ಯಾಕಿಂಗ್ ಶುರು. ನೋಡಲು ಬಂದವರೆಲ್ಲ ಭೇಷ್ ಎಂದು ಹೋಗುತ್ತಿದ್ದರು. ಮೇಸ್ತ್ರಿಯ ಹೊಟ್ಟೆಯೇ ಬೇರೆ, ನಾಯಿಯ ಹೊಟ್ಟೆಯೇ ಬೇರೆ ಎಂದು ಇಷ್ಟು ವರ್ಷದಲ್ಲಿ ಒಬ್ಬ ಮಹಾನುಭಾವನಿಗೂ ಹೊಳೆದಿರಲಿಲ್ಲ. ಜಿಗಣೆಗೂ ಹೊಳೆದಿರಲಿಲ್ಲ.

"ರುಚಿ ತಟ್ಟೆಗೆ ಸಕ್ಕರೆ ಉದುರಿಸೋದು ಯಾರು ಅಕ್ಕ?"

"ನಾನೇ. ಆ ವಿಭಾಗ ನನ್ನದಲ್ವಾ."

"ಯಾವ ಸಕ್ಕರೆ?"

ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ಹಾಲು ಉಕ್ಕಲು ಬಿಟ್ಟವಳೇ ಅಲ್ಲ ಅಕ್ಕ. ಈಗ ತಿರುಗಿಯೂ ನೋಡಲಿಲ್ಲ. ಜಿಗಣೆಯೇ ಹೋಗಿ ಒಲೆ ಆರಿಸಿದಳು.

"ಸಕ್ಕರೆ ಬಿಡದೇ ಇದ್ರೆ ಇವರ ಕಾಲು ತೆಗೀಬೇಕಾಗುತ್ತೆ ಅಂದಿದ್ರು ಡಾಕ್ಟರು," ಅಕ್ಕ ಮೆಲ್ಲಗೆ ಶುರು ಮಾಡಿದಳು. "ಇವರು ದಿನಕ್ಕೆ ಎಷ್ಟು ಭಟ್ಟಿ ಇಳಿಯುತ್ತೋ ಅಷ್ಟು ಸಲ ತಿನ್ನಬೇಕು. ನಿಲ್ಲಿಸಿ ಅಂದ್ರೆ, ಮೇಸ್ತ್ರಿ ಬಾಯಿ ಮುಚ್ಚಿದ ದಿನ ಕಾರ್ಖಾನೆ ಬಾಗಿಲು ಮುಚ್ಚುತ್ತೆ ಅಂತಾರೆ. ಮೊದಲೇ ಆ ಮಾಲೀಕ ಪ್ಯಾಕೆಟ್ ಮೇಲಿಂದ ಇವರ ಫೋಟೋ ತೆಗೆದು ತನ್ನ ಅಳಿಯಂದು ಹಾಕ್ತೀನಿ ಅಂತ ಕುಣೀತಿದಾನೆ. ಕಾಯಿಲೆ ಅಂತ ಗೊತ್ತಾದ್ರೆ ಮುಗೀತು ಕಥೆ."

"ಅದಕ್ಕೆ?"

"ಅದಕ್ಕೆ ಇವರ ತಟ್ಟೆ ಬೇರೆ ಮಾಡ್ದೆ. ಹತ್ತು ಹನ್ನೆರಡು ಬಿಸ್ಕತ್ತು. ನಮ್ಮ ಸಕ್ಕರೆ ಬದಲು ಈ ಪುಡಿ ಧಾರಾಳವಾಗಿ ಉದುರಿಸ್ತಿದ್ದೆ. ಇವರಿಗೂ ಹೇಳಲಿಲ್ಲ. ಹೇಳಿದ್ರೆ, ನಾಯಿಗೊಂದು ನನಗೊಂದಾ, ಇದು ಮೋಸ ಅಂತ ತಟ್ಟೆ ಎತ್ತಿ ಒಗೆಯೋ ಮನುಷ್ಯ." ಅಕ್ಕ ತಲೆಯೆತ್ತಿದಳು. "ಅದರಲ್ಲೇನು ತಪ್ಪು? ಅವರ ಒಳ್ಳೇದಕ್ಕೆ ಮಾಡಿದ್ದು."

"ಅವರು ಒಂದು ತಿಂದ ಮೇಲೆ ಉಳಿದದ್ದು ಎಲ್ಲಿಗೆ ಹೋಗುತ್ತೆ?"

"ಕಸಕ್ಕೆ. ಕೈ ಮುಟ್ಟಿದ್ದು ಪ್ಯಾಕೆಟ್ಟಿಗೆ ಹೋಗಬಾರದು ಅಂತ ನಿಯಮ ಮಾಡಿದ್ದೇ ಇವರು."

ಜಿಗಣೆ ಕಣ್ಣು ಮುಚ್ಚಿಕೊಂಡಳು. ತಿಂಗಳ ಹಿಂದೆ ಕಾರ್ಖಾನೆ ನೋಡಲು ಹೋಗಿದ್ದಾಗ ಅವಳು ಈ ರುಚಿ ನೋಡುವ ವೈಭವವನ್ನು ಪಕ್ಕದಲ್ಲೇ ನಿಂತು ನೋಡಿದ್ದಳು. ಅಕ್ಕ ತಟ್ಟೆ ಇಟ್ಟು ತನ್ನ ವಿಭಾಗಕ್ಕೆ ಮರಳಿದ್ದಳು. ಭಾವ ಕಚ್ಚಿ, ತಲೆಯಾಡಿಸಿ, ಎಲ್ಲರೂ ಕೆಲಸಕ್ಕೆ ತಿರುಗಿದ ಮೇಲೆ ಆ ಕಡೆ ಈ ಕಡೆ ನೋಡಿ, ತಟ್ಟೆಯಲ್ಲಿ ಉಳಿದದ್ದನ್ನು ಸರಕ್ಕನೆ ಪ್ಯಾಕಿಂಗ್ ಮೇಜಿನ ರಾಶಿಗೆ ಸುರಿದಿದ್ದ. ನೆಲಕ್ಕೆ ಒಂದು ಕಾಳು ಬಿದ್ದರೂ ಬಗ್ಗಿ ಹೆಕ್ಕುವ ಮನುಷ್ಯ. ಇವಳು ನಕ್ಕು, ಭಾವ, ನಿಮ್ಮ ಜಿಪುಣತನ ಸತ್ತಮೇಲೂ ಹೋಗಲ್ಲ ಎಂದು ಚೇಷ್ಟೆ ಮಾಡಿದ್ದಳು.

ಪ್ರಯೋಗಾಲಯದವರಿಗೆ ಏನೂ ಸಿಗದೇ ಇದ್ದದ್ದು ಇದಕ್ಕೇ. ಸಾವಿರಾರು ಬಿಸ್ಕತ್ತಿನಲ್ಲಿ ಹತ್ತೋ ಹನ್ನೊಂದೋ. ಅವು ಎರಡು ಮೂರು ಪ್ಯಾಕೆಟ್ಟಿಗೆ ಸೇರಿ, ಯಾವ ನಾಯಿಯ ಗ್ರಹಚಾರ ಕೆಟ್ಟಿತ್ತೋ ಅದರ ಬಾಯಿಗೆ ಬಿದ್ದವು. ಪರೀಕ್ಷೆಗೆ ಉಳಿದದ್ದೆಲ್ಲ ಶುದ್ಧ ಬಿಸ್ಕತ್ತು.

ಹೇಳದೆ ವಿಧಿಯಿರಲಿಲ್ಲ. ಜಿಗಣೆ ಪುಡಿಯ ಗುಣ ಹೇಳಿದಳು. ತಟ್ಟೆ ಸುರಿದದ್ದನ್ನೂ ಹೇಳಿದಳು. ಅಕ್ಕ ಕೇಳುತ್ತ ಕೇಳುತ್ತ ಕಟ್ಟೆಯನ್ನು ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದಳು.

"ಹಾಗಾದ್ರೆ ಕೊಂದದ್ದು ನಾನಾ?"

ಜಿಗಣೆ ಪಕ್ಕದಲ್ಲಿ ಕೂತಳು.

"ಪೋಸ್ಟ್‌ಮ್ಯಾನ್ ಮನೆ ಬಿಳಿ ನಾಯಿಮರಿ ಕಣೆ. ನನ್ನ ಚಪ್ಪಲಿ ಕಚ್ಕೊಂಡು ಓಡ್ತಿತ್ತು. ಅದು ಸತ್ತ ದಿನ ಅವರ ಮನೆಗೆ ಹೋಗಿ ಅವರ ಜೊತೆ ಅತ್ತು ಬಂದೆ. ಯಾವ ಪಾಪಿ ಮಾಡಿದ್ನೋ ಅವನ ಕೈ ಸೇದಿಹೋಗಲಿ ಅಂತ ಶಾಪ ಹಾಕಿ ಬಂದೆ." ಅಕ್ಕ ತನ್ನ ಕೈಗಳನ್ನು ನೋಡಿಕೊಂಡಳು. ದುಃಖ ತಡೆಯಲಾರದೆ ಬಿಕ್ಕಿದಳು.

ಜಿಗಣೆಗೆ ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ಬಾಯಿ ಮುಚ್ಚಿಕೊಂಡರೆ ಭಾವ ಜೈಲಿಗೆ. ಬಾಯಿ ಬಿಟ್ಟರೆ ಅಕ್ಕ. ಇಷ್ಟು ವರ್ಷ ಕಳ್ಳರ ಹೆಂಡಿರು ಮಕ್ಕಳು ಕಣ್ಣೀರಿಟ್ಟಾಗ ಕಲ್ಲಿನ ಹಾಗೆ ನಿಂತವಳು ಈಗ ಅಕ್ಕನ ಕೈಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು.

ದಾರಿ ತೋರಿಸಿದವಳು ಅಕ್ಕನೇ. ಮೂಗೊರೆಸಿಕೊಂಡು ಎದ್ದು ನಿಂತಳು.

"ಫೋನ್ ಮಾಡು ಪುಟ್ಟಿ. ಇನ್ಸ್‌ಪೆಕ್ಟರಿಗೆ ಹೇಳು. ಅವರು ಮನೆಗೆ ಬರಲಿ, ನಾನು ಹೋಗ್ತೀನಿ. ಅಲ್ಲೂ ನನ್ನ ಕೈಲಿ ಅಡುಗೆ ಮಾಡಿಸ್ತಾರಾ ಅಂತ ಒಂದು ಮಾತು ಕೇಳಿಬಿಡು."

"ಬೇಕೂಂತ ಮಾಡಿದ್ದಲ್ಲ ಅಕ್ಕ. ನೀನೂ ಬೇಕೂಂತ ಮಾಡಲಿಲ್ಲ, ಭಾವನೂ ಮಾಡಲಿಲ್ಲ. ಗೊತ್ತಿಲ್ಲದೆ ಆದದ್ದು. ನಾನು ಜೊತೆಗೆ ನಿಂತ್ಕೋತೀನಿ. ನಿಮ್ಮಿಬ್ಬರನ್ನೂ ಬಿಡಿಸ್ಕೊಂಡು ಬರ್ತೀನಿ."

ಹೇಳುತ್ತಿದ್ದಂತೆ ಎದೆಯ ಭಾರ ಸ್ವಲ್ಪ ಇಳಿಯಿತು. ಹೌದಲ್ಲ, ಕೊಲೆಯೇ ಅಲ್ಲ ಇದು. ಒಬ್ಬಳ ಅಕ್ಕರೆ, ಒಬ್ಬನ ಜಿಪುಣತನ, ನಡುವೆ ಒಂದು ತಟ್ಟೆ. ಯಾವ ನ್ಯಾಯಾಧೀಶನಿಗಾದರೂ ಅರ್ಥವಾಗುತ್ತದೆ. ಜಿಗಣೆ ಠಾಣೆಗೆ ಫೋನ್ ಹಚ್ಚಿದಳು. ಇನ್ಸ್‌ಪೆಕ್ಟರ್ ಒಂದು ಕಾಲದಲ್ಲಿ ಅವಳ ಕೈಕೆಳಗೆ ಕೆಲಸ ಕಲಿತವನು.

"ಮೇಡಂ, ನಾನೇ ಮಾಡಬೇಕು ಅಂತಿದ್ದೆ..."

"ಮೊದಲು ನನ್ನ ಮಾತು ಕೇಳಿ. ಅಂಗಡಿಗಳಲ್ಲಿರೋ ಪ್ಯಾಕೆಟ್ ಎಲ್ಲಾನೂ ಈಗಲೇ ವಾಪಸ್ ತರಿಸಿ."

"ಆಗಲೇ ಜನ ಕಳಿಸಿದೀನಿ. ನಿಮ್ಮ ಭಾವ ಒಪ್ಪಿಕೊಂಡ್ರು ಮೇಡಂ."

"ಏನನ್ನ?"

"ಎಲ್ಲಾನೂ. ಅರ್ಧ ಗಂಟೆ ಆಯ್ತು, ತಾವಾಗಿಯೇ ಕರೆದು ಹೇಳಿಕೆ ಬರೆಸಿದ್ರು. ಅದೇನೋ ಝೈಲಿಟಾಲ್ ಅಂತೆ, ನನಗೆ ಬರೆಯೋಕೇ ಬರಲಿಲ್ಲ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ್ರು. ಮನುಷ್ಯರಿಗೆ ಏನೂ ಆಗಲ್ಲ, ನಾಯಿಗೆ ವಿಷ, ಗೊತ್ತಿದ್ದೇ ಸೇರಿಸಿದೆ ಅಂದ್ರು. ಮಾಲೀಕನ ಹೆಸರು ಮಣ್ಣು ಮಾಡೋಕೆ ಮಾಡಿದ್ದಂತೆ. ನಿಮ್ಮ ಅಕ್ಕನಿಗೆ ಇದರಲ್ಲಿ ಏನೂ ಸಂಬಂಧ ಇಲ್ಲ ಅಂತ ಎರಡು ಸಲ ಬರೆಸಿದ್ರು."

ಜಿಗಣೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಅವರನ್ನ ನೋಡೋಕೆ ಯಾರಾದ್ರೂ ಬಂದಿದ್ರಾ? ಡಾಕ್ಟರಮ್ಮ ಫೋನ್ ಮಾಡಿದ್ರಾ?"

"ಯಾರೂ ಇಲ್ಲ. ಮನೆಯಿಂದ ಊಟಾನೂ ಬಂದಿಲ್ಲ ಇನ್ನೂ."

ಫೋನ್ ಇಟ್ಟಳು. ಅಕ್ಕನ ಕೆಲಸ ಎಂದು ಊಹಿಸಿ ಭಾವ ತಪ್ಪನ್ನೆಲ್ಲ ತನ್ನ ತಲೆಗೆ ಕಟ್ಟಿಕೊಂಡಿರಬೇಕು. ಮನುಷ್ಯ ಅಂಥವನೇ, ಹೆಂಡತಿಗೆ ಮುಳ್ಳು ಚುಚ್ಚಿದರೆ ತಾನು ಕುಂಟುವವನು. ಆದರೆ ಊಹಿಸಬೇಕಾದರೆ ಮೊದಲು ಪುಡಿಯ ಹೆಸರು ಗೊತ್ತಿರಬೇಕು. ನಾಯಿಗೆ ಅದು ವಿಷ ಎಂದೂ ಗೊತ್ತಿರಬೇಕು.

"ಅಕ್ಕ, ಈ ಪುಡಿ ಮನೆಗೆ ತಂದದ್ದು ಯಾರು?"

"ಇನ್ಯಾರು, ನಿನ್ನ ಭಾವನೇ. ಔಷಧಿ ಅಂಗಡಿಯಿಂದ ತಂದು ತಾವೇ ಡಬ್ಬಿಗೆ ಸುರಿದ್ರು."

"ತಂದಾಗ ಏನಾದ್ರೂ ಹೇಳಿದ್ರಾ?"

ಅಕ್ಕ ಕಣ್ಣೊರೆಸಿಕೊಂಡು ನೆನಪು ಮಾಡಿಕೊಂಡಳು. ಅಳುವಿನ ನಡುವೆಯೂ ಅವಳಿಗೆ ಸಣ್ಣ ನಗು ಬಂತು.

"ಏನು ಹೇಳ್ತಾರೆ, ಅವರ ಬುದ್ಧಿ ನಿನಗೆ ಗೊತ್ತಿಲ್ವಾ? ಬೀದಿ ನಾಯಿಗಳಿಗೆ ಇದು ಹಾಕಿದ್ದು ಏನೂ ಕೊಡಬೇಡ, ಒಂದು ಚೂರೂ ಕೊಡಬೇಡ ಅಂದ್ರು. ದುಡ್ಡು ಕೊಟ್ಟು ತಂದದ್ದು ನಾಯಿಗ್ಯಾಕೆ ಅಂತ ಜಿಪುಣತನ ಮಾಡ್ತಿದಾರೆ ಅಂದ್ಕೊಂಡೆ."

ಜಿಗಣೆ ಆ ಡಬ್ಬಿಯತ್ತ ತಿರುಗಿದಳು. ಒಂದೆರಡು ಸಲ ನೆಕ್ಕಿದ ತನ್ನ ನಾಲಿಗೆಗೇ ಆ ತಣ್ಣಗಿನ ಸಿಹಿ ತಿಳಿದಿತ್ತು. ಹೊಟ್ಟೆಪಾಡಿಗೆ ರುಚಿ ನೋಡುವವನ ನಾಲಿಗೆಗೆ ಮೊದಲ ದಿನದ ಮೊದಲ ತುತ್ತಿನಲ್ಲೇ ತಿಳಿಯದೇ ಇರುತ್ತದೆಯೇ? ತಿಳಿದ ಮೇಲೂ, ಮತ್ತೆ ಮತ್ತೆ, ಅವನು ಆ ಕಡೆ ಈ ಕಡೆ ನೋಡಿ ಆ ತಟ್ಟೆಯನ್ನು ರಾಶಿಗೆ ಸುರಿದಿದ್ದ.

"ಫೋನಿನಲ್ಲಿ ಏನಂದ್ರು ಪುಟ್ಟಿ?" ಅಕ್ಕ ಅವಳ ತೋಳು ಹಿಡಿದು ಅಲುಗಿಸಿದಳು. "ಅವರನ್ನ ಬಿಡ್ತಾರಂತಾ?"